ಚಿಕಿತ್ಸೆಗೆಂದು ಬಿಟ್ಟ ಮಗು, ಉತ್ತರ ಕೊಡಬೇಕಾದ ಸಂಸ್ಥೆ

ಮದ್ದೂರು ತಾಲ್ಲೂಕಿನ ರೈತರೊಬ್ಬರು ಕಳೆದ ವರ್ಷ ಮೈಸೂರಿನ ನ್ಯಾಯಾಲಯದ ಆವರಣದಲ್ಲಿ ನಾವು ಕಾನೂನು ನೆರವಿಗೆ ಕೂರುವ ಕೊಠಡಿಗೆ ಬಂದಾಗ ಅವರ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, 45,000 ರೂಪಾಯಿಯ ರಸೀದಿ. ಅದರಲ್ಲಿ ಹಣದ ಬಾಬ್ತು ‘ವ್ಯಕ್ತಿತ್ವ ತರಬೇತಿ ಶುಲ್ಕ’ ಎಂದಿತ್ತು. ಇನ್ನೊಂದು, ಛಾಪಾ ಕಾಗದದ ಮೇಲೆ ಬರೆಸಿಕೊಂಡಿದ್ದ ಮುಚ್ಚಳಿಕೆ. ಮಗನಿಗೆ ಅಲ್ಲಿ ಏನೇ ತೊಂದರೆಯಾದರೂ ಸಂಸ್ಥೆ ಜವಾಬ್ದಾರಿಯಲ್ಲ ಎಂದು ತಂದೆಯೇ ಸಹಿ ಹಾಕಿದ್ದರು. ಮಗನಿಗೆ ಆಗ ಹದಿನಾರು ವರ್ಷ. ಶಾಲೆ ಬಿಟ್ಟಿದ್ದ, ರಾತ್ರಿಯಿಡೀ ಮೊಬೈಲ್ ಹಿಡಿದಿರುತ್ತಿದ್ದ, ಒಂದೆರಡು ಬಾರಿ ಗಾಂಜಾ ಸೇದಿ ಸಿಕ್ಕಿಬಿದ್ದಿದ್ದ. ಯಾರೋ ಹೇಳಿದರೆಂದು ಮೈಸೂರಿನ ಹೊರವಲಯದ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಸೇರಿಸಿದ್ದರು. ಮೊದಲ ಒಂದು ತಿಂಗಳು ಭೇಟಿ ಇಲ್ಲ, ವಾರಕ್ಕೊಮ್ಮೆ ಐದು ನಿಮಿಷ ಫೋನು ಮಾತ್ರ ಎಂಬುದು ಅಲ್ಲಿಯ ನಿಯಮ. “ಪೋನ್ನಲ್ಲಿ ಕೇಳ್ದಾಗೆಲ್ಲಾ ಚೆಂದಾಗಿವ್ನಿ ಅಂತಿದ್ದ ಸಾ. ಪಕ್ಕದಲ್ಲೇ ಅವ್ರು ನಿಂತಿರ್ತಿದ್ರು ಅಂತ ನಮ್ಗೇನ್ ಗೊತ್ತು?” ಎಂದರು ಅವರು. ಹುಡುಗ ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದಾಗ ಎರಡೂ ಮಣಿಕಟ್ಟುಗಳ ಸುತ್ತ ಬಳೆ ತೊಟ್ಟಂತೆ ಕಪ್ಪು ಗುರುತುಗಳಿದ್ದವು. ರಾತ್ರಿ ಹೊತ್ತು ಮಂಚಕ್ಕೆ ಕಟ್ಟಿಹಾಕುತ್ತಿದ್ದರಂತೆ.

ತಂದೆ ಕೇಳಿದ ಪ್ರಶ್ನೆ ಒಂದೇ. ಹೊಡೆದ ವಾರ್ಡನ್ ಕೆಲಸ ಬಿಟ್ಟು ಊರಿಗೆ ಹೋಗಿದ್ದಾನೆ. ಹಾಗಾದರೆ ಈಗ ಯಾರನ್ನು ಕೇಳಬೇಕು? ಮಾನಸಿಕ ಆರೋಗ್ಯ ಕೇಂದ್ರ, ವ್ಯಸನಮುಕ್ತಿ ಕೇಂದ್ರ, ವಿಶೇಷ ಮಕ್ಕಳ ವಸತಿ ಶಾಲೆ ಮೊದಲಾದ ಕಡೆ ಮಕ್ಕಳ ಮೇಲೆ ನಡೆಯುವ ದೌರ್ಜನ್ಯದ ಕುರಿತ ಕಾನೂನು ಚರ್ಚೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ನಮ್ಮಲ್ಲಿ ಇಂತಹ ಪ್ರಕರಣ ಬೆಳಕಿಗೆ ಬಂದರೆ ಒಬ್ಬ ವ್ಯಕ್ತಿಯ ಮೇಲೆ ಮೊಕದ್ದಮೆ ಹೂಡಲಾಗುತ್ತದೆ, ಅವನು ಜೈಲಿಗೆ ಹೋಗಬಹುದು ಅಥವಾ ಬಿಡುಗಡೆಯಾಗಬಹುದು, ಆದರೆ ಅವನನ್ನು ನೇಮಿಸಿ, ಬೀಗದ ಕೈ ಕೊಟ್ಟು, ರಾತ್ರಿ ಪಾಳಿಗೆ ಒಬ್ಬನನ್ನೇ ಬಿಟ್ಟ ಸಂಸ್ಥೆ ಬಹುಪಾಲು ಉತ್ತರ ಕೊಡದೆ ಪಾರಾಗುತ್ತದೆ. ಸಂಸ್ಥೆಯನ್ನು ಹೊಣೆಗಾರನನ್ನಾಗಿ ಮಾಡುವ ಕಾನೂನು ನಮ್ಮಲ್ಲಿ ಇಲ್ಲವೆಂದೇನಲ್ಲ. ಅದು ನಾಲ್ಕೈದು ಕಾಯ್ದೆಗಳಲ್ಲಿ ಹಂಚಿಹೋಗಿದೆ, ಮತ್ತು ಅದನ್ನು ಜೋಡಿಸಿ ಬಳಸುವ ಅಭ್ಯಾಸ ನಮ್ಮ ವಕೀಲರಲ್ಲಿಯೂ ಪೊಲೀಸರಲ್ಲಿಯೂ ಬೆಳೆದಿಲ್ಲ.

ಅಮೆರಿಕದಲ್ಲಿ ಈ ವಿಷಯ ಇಷ್ಟು ದೊಡ್ಡದಾಗಿ ಸುದ್ದಿಯಾಗಿರುವುದಕ್ಕೆ ಕಾರಣ ಅಲ್ಲಿ ದಾವೆಗಳು ನೇರವಾಗಿ ಸಂಸ್ಥೆಗಳ ಮೇಲೆಯೇ ಹೂಡಲ್ಪಡುತ್ತಿರುವುದು. 2024ರ ಮಾರ್ಚ್‌ನಲ್ಲಿ ಇಲಿನಾಯ್ ರಾಜ್ಯದ ಜ್ಯೂರಿಯೊಂದು ಶಾಂಪೇನ್ ನಗರದ ‘ದಿ ಪೆವಿಲಿಯನ್’ ಎಂಬ ಮಾನಸಿಕ ಆರೋಗ್ಯ ಆಸ್ಪತ್ರೆಯ ವಿರುದ್ಧ 53.5 ಕೋಟಿ ಡಾಲರ್ ಪರಿಹಾರ ಘೋಷಿಸಿತು. 2020ರಲ್ಲಿ ಅಲ್ಲಿ ದಾಖಲಾಗಿದ್ದ 13 ವರ್ಷದ ಬಾಲಕಿಯ ಮೇಲೆ ಅಲ್ಲಿಯೇ ಇದ್ದ ಇನ್ನೊಬ್ಬ ಹದಿಹರೆಯದ ರೋಗಿ ಅತ್ಯಾಚಾರ ಎಸಗಿದ್ದ ಪ್ರಕರಣವದು. ದೌರ್ಜನ್ಯ ಎಸಗಿದವನು ಸಿಬ್ಬಂದಿಯೂ ಅಲ್ಲ, ಆದರೂ ಸಂಸ್ಥೆ ಹೊಣೆಯಾಯಿತು, ಏಕೆಂದರೆ ಮಗುವನ್ನು ಸುರಕ್ಷಿತವಾಗಿ ನೋಡಿಕೊಳ್ಳುವ ಕರ್ತವ್ಯ ಸಂಸ್ಥೆಯದಾಗಿತ್ತು. ಆ ಮೊತ್ತದಲ್ಲಿ 6 ಕೋಟಿ ಡಾಲರ್ ಮಾತ್ರ ನಷ್ಟಪರಿಹಾರ, ಉಳಿದ 47.5 ಕೋಟಿ ಡಾಲರ್ ಸಂಸ್ಥೆಯನ್ನು ಶಿಕ್ಷಿಸಲೆಂದೇ ವಿಧಿಸಿದ ದಂಡನಾತ್ಮಕ ಪರಿಹಾರ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದ ಕಂಬರ್‌ಲ್ಯಾಂಡ್ ಮಕ್ಕಳ ಆಸ್ಪತ್ರೆಯ ಪ್ರಕರಣದಲ್ಲಿ ಅಲ್ಲಿಯ ವೈದ್ಯರು ಲೈಂಗಿಕ ದೌರ್ಜನ್ಯ ಎಸಗಿದರೆಂದು ದೂರಿದ್ದ ಮೂವರು ಮಾಜಿ ರೋಗಿಗಳಿಗೆ ಒಟ್ಟು 36 ಕೋಟಿ ಡಾಲರ್ ಘೋಷಣೆಯಾಯಿತು. ಎರಡೂ ಯೂನಿವರ್ಸಲ್ ಹೆಲ್ತ್ ಸರ್ವಿಸಸ್ ಎಂಬ ಒಂದೇ ಬೃಹತ್ ಕಂಪನಿಯ ಒಡೆತನದ ಆಸ್ಪತ್ರೆಗಳು. ಇಂತಹ ಮೊತ್ತಗಳು ಮೇಲ್ಮನವಿಯ ಹಂತದಲ್ಲಿ ಸಾಮಾನ್ಯವಾಗಿ ಬಹಳಷ್ಟು ಇಳಿಯುತ್ತವೆ ಎಂಬುದನ್ನೂ ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ವರ್ಜೀನಿಯಾ ಪ್ರಕರಣದಲ್ಲಿ ನಮಗೆ ಹೆಚ್ಚು ಪ್ರಯೋಜನವಾಗುವ ಅಂಶ ಬೇರೆಯದು. ಆರೋಪಕ್ಕೆ ಗುರಿಯಾಗಿದ್ದ ವೈದ್ಯರು ಕ್ರಿಮಿನಲ್ ಮೊಕದ್ದಮೆಯಲ್ಲಿ ಖುಲಾಸೆಯಾಗಿದ್ದರು, ಆದರೂ ಸಿವಿಲ್ ದಾವೆ ನಿಂತಿತು. ಕ್ರಿಮಿನಲ್ ನ್ಯಾಯಾಲಯ ಸಂಶಯಾತೀತವಾದ ಪುರಾವೆ ಕೇಳುತ್ತದೆ. ಸಿವಿಲ್ ನ್ಯಾಯಾಲಯಕ್ಕೆ ಯಾರ ಮಾತು ಹೆಚ್ಚು ಸಂಭವನೀಯ ಎಂಬ ತೂಕ ಸಾಕು. ನಮ್ಮ ದೇಶದಲ್ಲಿಯೂ ನಿಯಮ ಇದೇ. ಆದರೆ ಆರೋಪಿ ಬಿಡುಗಡೆಯಾದರೆ ಪ್ರಕರಣವೇ ಮುಗಿಯಿತೆಂದು ಮನೆಯವರು ಕಡತ ಕಟ್ಟಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಮತ್ತು ಪ್ರತಿ ಬಾರಿಯೂ ನನಗೆ ನೋವಾಗಿದೆ.

ಅಲ್ಲಿಯ ಸೆನೆಟ್‌ನ ಹಣಕಾಸು ಸಮಿತಿ 2024ರ ಜೂನ್‌ನಲ್ಲಿ ಪ್ರಕಟಿಸಿದ ವರದಿ, ನಾಲ್ಕು ದೊಡ್ಡ ಸಂಸ್ಥೆಗಳನ್ನು ಪರಿಶೀಲಿಸಿ, ಮಕ್ಕಳಿಗಾಗುತ್ತಿದ್ದ ಹಾನಿ ಆಕಸ್ಮಿಕವಲ್ಲ, ಹಾಸಿಗೆ ತುಂಬಿಸಿ ಸಿಬ್ಬಂದಿ ಕಡಿಮೆ ಮಾಡುವ ವ್ಯವಹಾರದ ರೀತಿಯಿಂದಲೇ ಹುಟ್ಟುವಂಥದ್ದು ಎಂಬ ತೀರ್ಮಾನಕ್ಕೆ ಬಂತು. ಸಾಂಸ್ಥಿಕ ಮಕ್ಕಳ ದೌರ್ಜನ್ಯ ತಡೆಯುವ ಉದ್ದೇಶದ ಇಡೀ ದೇಶದ ಮಟ್ಟದ ಕಾಯ್ದೆಯೊಂದಕ್ಕೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಸಹಿ ಬಿತ್ತು.

ಇಲ್ಲಿಗೆ ಬರೋಣ. ಮದ್ದೂರಿನ ತಂದೆಯ ರಸೀದಿಯಲ್ಲಿ ‘ಚಿಕಿತ್ಸೆ’ ಎಂಬ ಪದ ಇಲ್ಲದಿರುವುದು ಕೈತಪ್ಪಿನಿಂದ ಆದದ್ದಲ್ಲ. ಚಿಕಿತ್ಸೆ ಎಂದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅನ್ವಯವಾಗುತ್ತದೆ. ಆ ಕಾಯ್ದೆಯ ಪ್ರಕಾರ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಬರುತ್ತವೆ. ಆದ್ದರಿಂದ ಅಂತಹವರನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವ ಕೇಂದ್ರ ನೋಂದಣಿ ಮಾಡಿಸಲೇಬೇಕು. ‘ಶಿಬಿರ’, ‘ತರಬೇತಿ’, ‘ಆಶ್ರಮ’, ‘ಗುರುಕುಲ’ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಕಾನೂನು ತಪ್ಪುವುದಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಒಳಗೆ ಮಾತ್ರೆ ಕೊಡುತ್ತಿದ್ದರೆ ನ್ಯಾಯಾಲಯ ನೋಡುವುದು ನಡೆಯುತ್ತಿರುವ ಕೆಲಸವನ್ನು. ಇನ್ನು ಆ ಮುಚ್ಚಳಿಕೆಯ ವಿಷಯ. ಮಗನ ಮೈಮೇಲೆ ಅಪರಾಧ ನಡೆದರೂ ಕೇಳುವುದಿಲ್ಲ ಎಂದು ತಂದೆ ಬರೆದುಕೊಡುವ ಕರಾರು ಸಾರ್ವಜನಿಕ ನೀತಿಗೆ ವಿರುದ್ಧವಾದದ್ದು, ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೆಲೆಯಿಲ್ಲ. ಆದರೂ ಈ ಕಾಗದ ತನ್ನ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ: ಸಹಿ ಹಾಕಿದ ತಂದೆ ತಾಯಿ ತಮ್ಮ ಬಾಯಿ ತಾವೇ ಕಟ್ಟಿಕೊಂಡೆವೆಂದು ನಂಬಿ ಸುಮ್ಮನಾಗುತ್ತಾರೆ.

ಆ ಕಾಯ್ದೆಯ 87ನೇ ಸೆಕ್ಷನ್ ಅನ್ನು ಮಗುವನ್ನು ಇಂತಹ ಕಡೆ ಬಿಡಲು ಹೊರಟ ಪ್ರತಿಯೊಬ್ಬ ಪೋಷಕರೂ ತಿಳಿದಿರಬೇಕು. ಹದಿನೆಂಟು ತುಂಬದ ಮಗುವನ್ನು ದಾಖಲು ಮಾಡಿಕೊಳ್ಳುವ ಮೊದಲು ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ, ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು, ಅದೂ ದಾಖಲಾತಿಯ ದಿನ ಅಥವಾ ಹಿಂದಿನ ಏಳು ದಿನಗಳೊಳಗೆ. ದಾಖಲು ಮಾಡದೆ ಬೇರೆ ದಾರಿಯಿಲ್ಲ ಎಂದು ಅವರಿಗೆ ಮನವರಿಕೆಯಾಗಿರಬೇಕು. ಮಗುವನ್ನು ವಯಸ್ಕರಿಂದ ಬೇರೆಯಾಗಿ ಇಡಬೇಕು. ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಸಾಮಾನ್ಯವಾಗಿ ತಂದೆ ಅಥವಾ ತಾಯಿ, ಇಲ್ಲವೇ ಅವರು ನೇಮಿಸಿದ ಒಬ್ಬರು ದಾಖಲಾತಿಯ ಪೂರ್ತಿ ಅವಧಿ ಮಗುವಿನ ಜೊತೆಯಲ್ಲೇ ಇರಬೇಕು. ಹುಡುಗಿಯಾಗಿದ್ದು ಪ್ರತಿನಿಧಿ ಗಂಡಸಾಗಿದ್ದರೆ ಜೊತೆಯಲ್ಲಿರುವವರು ಹೆಂಗಸೇ ಆಗಿರಬೇಕು. ದಾಖಲಾತಿಯ ವಿಷಯ 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು, ಮೂವತ್ತು ದಿನ ದಾಟಿದರೆ ಮತ್ತೆ ತಿಳಿಸಬೇಕು. ಈಗ ‘ಮೊದಲ ಒಂದು ತಿಂಗಳು ಭೇಟಿ ಇಲ್ಲ’ ಎಂಬ ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆ ಕೇಂದ್ರ ಶಿಸ್ತೆಂದು ಕರೆದದ್ದು ಕಾನೂನಿನ ಉಲ್ಲಂಘನೆಯೇ ಆಗಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಕಟ್ಟಿಹಾಕುವ ವಿಷಯದಲ್ಲಿ ಕಾಯ್ದೆ ಇನ್ನೂ ಖಡಾಖಂಡಿತವಾಗಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದವರು ಓಡಲಾಗದೆ ಸುಟ್ಟುಹೋದದ್ದನ್ನು ಹಳಬರು ಮರೆತಿರಲಾರರು. 2017ರ ಕಾಯ್ದೆಯ 95ನೇ ಸೆಕ್ಷನ್ ಸರಪಳಿ ಹಾಕುವುದನ್ನು ಪೂರ್ತಿಯಾಗಿ ನಿಷೇಧಿಸಿದೆ. 97ನೇ ಸೆಕ್ಷನ್ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟೇ ಹೊತ್ತು ದೈಹಿಕವಾಗಿ ತಡೆಹಿಡಿಯಬಹುದು. ಕಾರಣ, ಅವಧಿ, ವಿಧಾನ ಎಲ್ಲವನ್ನೂ ದಾಖಲಿಸಬೇಕು, 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದು ಎಂಬ ಕಾರಣಕ್ಕೂ ಕಟ್ಟುವಂತಿಲ್ಲ. ಈ ಕೊನೆಯ ಮಾತನ್ನು ಶಾಸನ ರಚಿಸಿದವರು ಬಿಡಿಸಿ ಬರೆದಿರುವುದು ಒಳ್ಳೆಯದಾಯಿತು, ಏಕೆಂದರೆ ಮದ್ದೂರಿನ ಹುಡುಗನನ್ನು ರಾತ್ರಿ ಕಟ್ಟಿದ್ದಕ್ಕೆ ಕೇಂದ್ರದವರು ಕೊಟ್ಟ ಸಮಜಾಯಿಷಿ ಅದೇ: ಮೂವತ್ತು ಜನರಿಗೆ ರಾತ್ರಿ ಒಬ್ಬನೇ ವಾರ್ಡನ್.

ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಅದು ಹುಡುಗಿಯರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಈಗಲೂ ಇದೆ. ಕಾಯ್ದೆಯಲ್ಲಿ ‘ಮಗು’ ಎಂದರೆ ಹದಿನೆಂಟರ ಒಳಗಿನ ಯಾರೇ ಆಗಲಿ. ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆಯ ಆಡಳಿತ ವರ್ಗ ಅಥವಾ ಸಿಬ್ಬಂದಿ ಎಸಗಿದ ಕೃತ್ಯ, ಮಗುವಿನ ಮಾನಸಿಕ ಅಥವಾ ದೈಹಿಕ ಅಂಗವಿಕಲತೆಯ ದುರ್ಲಾಭ ಪಡೆದು ಎಸಗಿದ ಕೃತ್ಯ, ಇವೆರಡನ್ನೂ ಕಾಯ್ದೆ ಉಲ್ಬಣಗೊಂಡ ಅಪರಾಧವೆಂದು ಪರಿಗಣಿಸುತ್ತದೆ. ತೀವ್ರ ಸ್ವರೂಪದ ಇಂತಹ ಕೃತ್ಯಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 20 ವರ್ಷ. ಇಷ್ಟು ಎಲ್ಲರಿಗೂ ಗೊತ್ತು. ಹೆಚ್ಚು ಜನರಿಗೆ ಗೊತ್ತಿಲ್ಲದ್ದು 21ನೇ ಸೆಕ್ಷನ್‌ನ ಎರಡನೆಯ ಉಪವಿಭಾಗ. ಯಾವ ಹೆಸರಿನಿಂದಲೇ ಕರೆಯಲ್ಪಡುವ ಸಂಸ್ಥೆಯಾಗಿರಲಿ, ತನ್ನ ಕೈಕೆಳಗಿನವನು ಎಸಗಿದ ಅಪರಾಧವನ್ನು ವರದಿ ಮಾಡದ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡವಿದೆ. ಮಹಾರಾಷ್ಟ್ರದ ರಾಜುರಾದ ವಸತಿ ನಿಲಯದ ಬುಡಕಟ್ಟು ಬಾಲಕಿಯರಿಗೆ ಚಿಕಿತ್ಸೆ ನೀಡಿದ ವೈದ್ಯರೊಬ್ಬರು ವಿಷಯ ತಿಳಿದೂ ವರದಿ ಮಾಡಲಿಲ್ಲವೆಂಬ ಪ್ರಕರಣವನ್ನು ಹೈಕೋರ್ಟು ರದ್ದು ಮಾಡಿದಾಗ, ಸುಪ್ರೀಂ ಕೋರ್ಟು 2022ರ ನವೆಂಬರ್‌ನಲ್ಲಿ ಆ ಆದೇಶವನ್ನು ತಳ್ಳಿಹಾಕಿ, ವರದಿ ಮಾಡದಿರುವುದು ಗಂಭೀರ ಅಪರಾಧ ಎಂದು ಹೇಳಿತು. ಆದರೂ ನಾನು ನೋಡಿರುವ ದೋಷಾರೋಪ ಪಟ್ಟಿಗಳಲ್ಲಿ ಈ ಉಪವಿಭಾಗ ಕಾಣುವುದು ಅಪರೂಪ.

ಹೊಡೆತ, ಉಪವಾಸ, ಕಟ್ಟಿಹಾಕುವಿಕೆ ಇವು ಪೋಕ್ಸೊ ಅಡಿ ಬರದಿದ್ದರೂ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಅಡಿ ಬರುತ್ತವೆ. ಮಗುವಿನ ಆರೈಕೆಯ ಹೊಣೆ ಹೊತ್ತ ಸಂಸ್ಥೆಯ ನೌಕರ ಅಥವಾ ಅದನ್ನು ನಡೆಸುವವರು ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. ‘ನಡೆಸುವವರು’ ಎಂಬ ಪದವನ್ನು ದೂರು ಬರೆಯುವಾಗಲೇ ನೆನಪಿಟ್ಟುಕೊಳ್ಳಬೇಕು. ದೂರಿನಲ್ಲಿ ವಾರ್ಡನ್ ಹೆಸರು ಮಾತ್ರ ಇದ್ದರೆ ತನಿಖೆಯೂ ವಾರ್ಡನ್‌ನಲ್ಲಿಯೇ ನಿಲ್ಲುತ್ತದೆ.

ಪರಿಹಾರದ ಪ್ರಶ್ನೆಯಲ್ಲಿ ನಮ್ಮ ವ್ಯವಸ್ಥೆಗೂ ಅಮೆರಿಕದ ವ್ಯವಸ್ಥೆಗೂ ಇರುವ ಅಂತರ ಎದ್ದು ಕಾಣುತ್ತದೆ. ಪೋಕ್ಸೊ ನಿಯಮಗಳ ಪ್ರಕಾರ ವಿಶೇಷ ನ್ಯಾಯಾಲಯ ಪ್ರಥಮ ವರ್ತಮಾನ ವರದಿ ದಾಖಲಾದ ನಂತರ ಯಾವುದೇ ಹಂತದಲ್ಲಿ ಮಧ್ಯಂತರ ಪರಿಹಾರ ಕೊಡಿಸಬಹುದು. ಆರೋಪಿ ಖುಲಾಸೆಯಾದರೂ, ಪತ್ತೆಯೇ ಆಗದಿದ್ದರೂ ಮಗುವಿಗೆ ಹಾನಿಯಾಗಿದ್ದರೆ ಪರಿಹಾರ ಕೊಡಬಹುದು. ಆದೇಶ ತಲುಪಿದ 30 ದಿನಗಳೊಳಗೆ ರಾಜ್ಯ ಸರ್ಕಾರ ಪಾವತಿಸಬೇಕು. ಇದು ನಿಜಕ್ಕೂ ದೊಡ್ಡ ನೆರವು, ಮತ್ತು ಕೇಳದೆ ಇರುವುದರಿಂದಲೇ ಎಷ್ಟೋ ಮಕ್ಕಳಿಗೆ ತಪ್ಪಿಹೋಗುತ್ತಿದೆ. ಆದರೆ ಈ ಹಣ ಹೋಗುವುದು ಸರ್ಕಾರದ ನಿಧಿಯಿಂದ. ಲಾಭ ಮಾಡಿಕೊಂಡ ಸಂಸ್ಥೆಯ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ರಾತ್ರಿ ಪಾಳಿಗೆ ಇನ್ನೊಬ್ಬರನ್ನು ನೇಮಿಸುವುದಕ್ಕಿಂತ ನೇಮಿಸದೆ ಇರುವುದೇ ಅಗ್ಗವಾಗಿ ಉಳಿಯುವವರೆಗೆ ಯಾವ ಕೇಂದ್ರವೂ ನೇಮಿಸುವುದಿಲ್ಲ.

ಸಂಸ್ಥೆಯಿಂದಲೇ ವಸೂಲಿ ಮಾಡಬೇಕಾದರೆ ಎರಡು ದಾರಿಗಳಿವೆ. ಒಂದು ಗ್ರಾಹಕ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಚಿಕಿತ್ಸೆ ಪಡೆದ ಮಗು ಮತ್ತು ಹಣ ಕೊಟ್ಟ ತಂದೆ ತಾಯಿ ಇಬ್ಬರೂ ಗ್ರಾಹಕರೇ ಎಂದು 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಹೇಳಿತು. ಕೊಟ್ಟ ಶುಲ್ಕ ಐದು ಲಕ್ಷದೊಳಗಿದ್ದರೆ ದೂರಿಗೆ ಆಯೋಗದ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ತಡವಾದರೆ ಸಕಾರಣ ತೋರಿಸಬೇಕು. ಇನ್ನೊಂದು ಸಿವಿಲ್ ದಾವೆ. ಅಲ್ಲಿ ಸಂಸ್ಥೆಯ ಮೊದಲ ಪ್ರತಿವಾದ ಗೊತ್ತಿರುವಂಥದ್ದೇ: ನಾವು ವಾರ್ಡನ್‌ನನ್ನು ನೇಮಿಸಿದ್ದು ಮಕ್ಕಳನ್ನು ನೋಡಿಕೊಳ್ಳಲು, ಹಿಂಸಿಸಲು ಅಲ್ಲ, ಅವನು ಮಾಡಿದ್ದು ಅವನ ಸ್ವಂತ ಅಪರಾಧ.

ಈ ವಾದಕ್ಕೆ ತಕ್ಕ ಉತ್ತರ 2001ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ಲಿಸ್ಟರ್ ವಿರುದ್ಧ ಹೆಸ್ಲಿ ಹಾಲ್ ತೀರ್ಪಿನಲ್ಲಿದೆ. ಅದು ಭಾವನಾತ್ಮಕ ಮತ್ತು ನಡವಳಿಕೆಯ ತೊಂದರೆಗಳಿದ್ದ ಹುಡುಗರ ವಸತಿ ನಿಲಯದಲ್ಲಿ ವಾರ್ಡನ್ ಎಸಗಿದ ಲೈಂಗಿಕ ದೌರ್ಜನ್ಯದ ಪ್ರಕರಣವೇ ಆಗಿತ್ತು. ಅಪರಾಧಕ್ಕೂ ಅವನಿಗೆ ಒಪ್ಪಿಸಿದ್ದ ಕೆಲಸಕ್ಕೂ ನಿಕಟ ಸಂಬಂಧವಿದ್ದರೆ ಸಂಸ್ಥೆ ಹೊಣೆ ಎಂದು ಲಾರ್ಡ್‌ಗಳು ಹೇಳಿದರು. ಮಕ್ಕಳನ್ನು ಮಲಗಿಸುವುದು, ಎಬ್ಬಿಸುವುದು, ರಾತ್ರಿ ಅವರ ಕೊಠಡಿಗೆ ಹೋಗುವುದು ಇವೇ ಅವನ ಕೆಲಸವಾಗಿದ್ದಾಗ, ಆ ಅವಕಾಶವನ್ನು ಅವನಿಗೆ ಕೊಟ್ಟದ್ದು ಸಂಸ್ಥೆಯೇ. ಕೆನಡಾದ ಸುಪ್ರೀಂ ಕೋರ್ಟು ಎರಡು ವರ್ಷ ಮೊದಲು, 1999ರಲ್ಲಿ, ಬ್ಯಾಜ್ಲಿ ವಿರುದ್ಧ ಕರ್ರಿ ಪ್ರಕರಣದಲ್ಲಿ ಇದೇ ದಿಕ್ಕಿನಲ್ಲಿ ಹೋಗಿತ್ತು; ಅದೂ ಮಾನಸಿಕವಾಗಿ ನೊಂದ ಮಕ್ಕಳ ವಸತಿ ಕೇಂದ್ರವೇ. ಈ ತೀರ್ಪುಗಳಿಗೆ ನಮ್ಮ ನ್ಯಾಯಾಲಯಗಳು ಬದ್ಧವಲ್ಲ, ಆದರೆ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಅಪಕೃತ್ಯ ಕಾನೂನಿನಲ್ಲಿ ಇಂಗ್ಲಿಷ್ ತೀರ್ಪುಗಳನ್ನು ಗೌರವದಿಂದ ನೋಡುವುದು ಇಲ್ಲಿಯ ರೂಢಿ. ಮೈಸೂರಿನ ಸಿವಿಲ್ ನ್ಯಾಯಾಲಯದಲ್ಲಿ ಇದನ್ನು ಮುಂದಿಟ್ಟು ವಾದಿಸಲು ಯಾವ ಅಡ್ಡಿಯೂ ಇಲ್ಲ. ವಾದಿಸುವವರು ಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕಾಲಮಿತಿಯ ಪ್ರಶ್ನೆ. ಗಂಭೀರ ಅಪರಾಧಗಳ ಕ್ರಿಮಿನಲ್ ದೂರಿಗೆ ಕಾಲಮಿತಿ ಇಲ್ಲ. ಮಗುವಾಗಿದ್ದಾಗ ನಡೆದದ್ದಕ್ಕೆ ದೊಡ್ಡವರಾದ ಮೇಲೂ ದೂರು ಕೊಡಬಹುದು. ಆದರೆ ಸಿವಿಲ್ ದಾವೆಗೆ 1963ರ ಕಾಲಮಿತಿ ಕಾಯ್ದೆ ಅಪ್ರಾಪ್ತರಿಗೆ ಕೊಟ್ಟಿರುವ ರಿಯಾಯಿತಿ ಹದಿನೆಂಟು ತುಂಬಿದ ಮೇಲೆ ಹೆಚ್ಚೆಂದರೆ ಮೂರು ವರ್ಷ. ಇಪ್ಪತ್ತೊಂದಕ್ಕೆ ಬಾಗಿಲು ಮುಚ್ಚುತ್ತದೆ. ಬಾಲ್ಯದಲ್ಲಿ ಇಂತಹ ಹಿಂಸೆ ಅನುಭವಿಸಿದವರು ಅದನ್ನು ಬಾಯಿಬಿಟ್ಟು ಹೇಳಲು ಹಲವೊಮ್ಮೆ ದಶಕಗಳೇ ಬೇಕಾಗುತ್ತವೆ. ಇನ್ನು ಮಾನಸಿಕ ಅಸ್ವಸ್ಥತೆಯ ಹಣೆಪಟ್ಟಿ ಇರುವವರ ಮಾತನ್ನು ಮನೆಯವರೇ ನಂಬುವುದು ಕಷ್ಟ. ಇದನ್ನು ಮನಗಂಡೇ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಈ ಮಿತಿಯನ್ನು 55ನೇ ವಯಸ್ಸಿನವರೆಗೆ, ಕ್ಯಾಲಿಫೋರ್ನಿಯಾ 2020ರಿಂದ 40ರವರೆಗೆ ವಿಸ್ತರಿಸಿದವು. ಹಳೆಯ ಪ್ರಕರಣಗಳಿಗೂ ಕೆಲಕಾಲ ಬಾಗಿಲು ತೆರೆದವು. ಲಾಸ್ ಏಂಜಲಿಸ್ ಕೌಂಟಿ ತನ್ನ ಮಕ್ಕಳ ಕೇಂದ್ರಗಳಲ್ಲಿ ನಡೆದ ದೌರ್ಜನ್ಯದ 6,800ಕ್ಕೂ ಹೆಚ್ಚು ದಾವೆಗಳನ್ನು 2025ರ ಏಪ್ರಿಲ್‌ನಲ್ಲಿ 400 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಳ್ಳಲು ಒಪ್ಪಿದ್ದು ಹೀಗೆ ತೆರೆದ ಬಾಗಿಲಿನ ಫಲ. ನಂತರ ಅವುಗಳಲ್ಲಿ ಕೆಲವು ಸುಳ್ಳು ದಾವೆಗಳೆಂಬ ಆರೋಪವೂ ಬಂತು, ಆದ್ದರಿಂದ ಪರಿಶೀಲನೆಯ ಏರ್ಪಾಡಿಲ್ಲದೆ ಮಿತಿ ಸಡಿಲಿಸುವುದು ಸರಿಯಲ್ಲ. ಆದರೆ ಇಪ್ಪತ್ತೊಂದು ತೀರಾ ಕಡಿಮೆ, ಅದನ್ನು ಸಂಸತ್ತು ಬದಲಿಸಬೇಕು.

ಕಾಲ ಕಳೆದಂತೆ ದಾಖಲೆಯೂ ಕರಗುತ್ತದೆ. ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟರೆ ಸಾಕು. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಸಿಸಿ ಕ್ಯಾಮೆರಾದ ದೃಶ್ಯ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಮಗು ಬಾಯಿಬಿಟ್ಟ ದಿನವೇ ಗಾಯದ ಗುರುತುಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ, ಮೈಸೂರಾದರೆ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯವಾದರೆ ಮಿಮ್ಸ್‌ನಲ್ಲಿ ದಾಖಲಿಸಬೇಕು. ಕೇಂದ್ರದ ದಾಖಲಾತಿ ಪತ್ರ, ಔಷಧಿ ಚೀಟಿ, ತಡೆಹಿಡಿದ ವಿವರಗಳ ಪ್ರತಿ ಕೋರಿ ಲಿಖಿತ ಅರ್ಜಿ ಕೊಡಬೇಕು. ಠಾಣೆಯ ಸರಹದ್ದು ನಮ್ಮದಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆ ದೂರು ದಾಖಲಿಸಿಕೊಳ್ಳಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿ, 15100ಕ್ಕೆ ಮಾಡಿದರೆ ಕಾನೂನು ನೆರವು. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿಯೇ ಇದೆ.

2022ರ ಡಿಸೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ವಸತಿ ನಿಲಯದ ಬಾಲಕಿಯರು, ಅನುಚಿತವಾಗಿ ವರ್ತಿಸಿದರೆಂದು ಮುಖ್ಯ ಶಿಕ್ಷಕರೊಬ್ಬರನ್ನು ದೊಣ್ಣೆ ಹಿಡಿದು ಹೊಡೆದ ದೃಶ್ಯವನ್ನು ಇಡೀ ರಾಜ್ಯ ನೋಡಿ ಭೇಷ್ ಎಂದಿತು. ನನಗೆ ಅದು ಭೇಷ್ ಎನ್ನುವ ದೃಶ್ಯವಾಗಿ ಕಾಣಲಿಲ್ಲ. ದೂರು ಹೇಳಲು ಒಂದು ನಂಬುವಂತಹ ಜಾಗವಿದ್ದಿದ್ದರೆ ಆ ಮಕ್ಕಳು ದೊಣ್ಣೆ ಹುಡುಕುತ್ತಿರಲಿಲ್ಲ. ಔಷಧಿಯ ಮಂಪರಿನಲ್ಲಿ ಮಂಚಕ್ಕೆ ಕಟ್ಟಿಸಿಕೊಂಡ ಮಗುವಿಗೆ ಆ ದೊಣ್ಣೆಯೂ ಸಿಕ್ಕುವುದಿಲ್ಲ. ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹದ ಕರಾಳತೆ 2018ರಲ್ಲಿ ಹೊರಬಂದದ್ದು ಕೂಡ ಒಳಗಿನ ದೂರಿನಿಂದಲ್ಲ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಸಾಮಾಜಿಕ ಲೆಕ್ಕಪರಿಶೋಧನೆಗೆ ಹೋಗಿ ಮಕ್ಕಳ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡಿದ್ದರಿಂದ. ನಮ್ಮ ಎರಡು ಜಿಲ್ಲೆಗಳ ವ್ಯಸನಮುಕ್ತಿ ಮತ್ತು ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಇರುವ ಅಪ್ರಾಪ್ತರ ಜೊತೆ ಹಾಗೆ ಕೂತು ಮಾತಾಡುವ ಕೆಲಸವನ್ನು ಪರಿಶೀಲನಾ ಮಂಡಳಿ, ಮಕ್ಕಳ ಕಲ್ಯಾಣ ಸಮಿತಿ ಮತ್ತು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಒಟ್ಟಾಗಿ ಮಾಡಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಮದ್ದೂರಿನ ಹುಡುಗನಿಗೆ ಈಗ ಹದಿನೇಳು. ದೂರು ದಾಖಲಾಗಿದೆ; ಅದರಲ್ಲಿ ವಾರ್ಡನ್ ಜೊತೆಗೆ ಕೇಂದ್ರ ನಡೆಸುವವರ ಹೆಸರೂ ಇದೆ. ಗ್ರಾಹಕ ಆಯೋಗಕ್ಕೆ ಹೋಗುವ ಕಾಗದಗಳು ಸಿದ್ಧವಾಗುತ್ತಿವೆ. ದಾಖಲೆಗಳ ಪ್ರತಿ ಕೋರಿ ಕೇಂದ್ರಕ್ಕೆ ಕಳಿಸಿದ ಅರ್ಜಿ ಅವರಿಗೆ ತಲುಪಿದೆ ಎಂಬುದಕ್ಕೆ ಅಂಚೆಯ ಚೀಟಿಯಿದೆ, ಉತ್ತರ ಇನ್ನೂ ಬಂದಿಲ್ಲ. ಆ ಚೀಟಿಯನ್ನು ತಂದೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಪಹಣಿಯ ಜೊತೆ ಟ್ರಂಕಿನಲ್ಲಿಟ್ಟಿದ್ದಾರೆ. ಪ್ರತಿ ಸಲ ಬರುವಾಗಲೂ ಅದನ್ನು ತರುತ್ತಾರೆ.